ಬಕೆಟ್‌ನಲ್ಲಿ ನಾಲ್ಕು ಬಾಟಲಿ

ಭಾನುವಾರ ಬೆಳಗ್ಗೆ ಅಮ್ಮ ತಿಪಟೂರಿನಿಂದ ಹೇಳದೆ ಕೇಳದೆ ಬಂದಿಳಿದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವಳು ಹಾಗೇ ವಾಪಸ್ ಬಂದಳು.

"ಬಕೆಟ್‌ನಲ್ಲಿ ಏನೋ ಅದು?"

ನಾಲ್ಕು ವೈನ್ ಬಾಟಲಿ ನೆನೆಯುತ್ತಿದ್ದವು. ಅದರಲ್ಲಿ ನನ್ನದು ಒಂದೇ. ಉಳಿದ ಮೂರು ಗೆಳೆಯರ ಮನೆಯಿಂದ ಬ್ಯಾಗಿನಲ್ಲಿ ಹೊತ್ತು ತಂದಿದ್ದವು, ಅದೂ ಖಾಲಿ ಬಾಟಲಿ. ಇದನ್ನು ಯಾವ ತಾಯಿ ನಂಬುತ್ತಾಳೆ ಹೇಳಿ?

"ಲೇಬಲ್ ಬಿಡಿಸೋಕೆ ಅಮ್ಮ. ಕೂಡಿಡ್ತೀನಿ."

"ಚೀಟಿನಾ?" ಎಂದು ನನ್ನ ಮುಖವನ್ನೇ ನೋಡಿದಳು. "ಬಾಟಲಿ ಏನು ಮಾಡ್ತೀಯಾ?"

"ಹಳೇ ಪೇಪರ್ ಅಂಗಡಿಗೆ ಹಾಕ್ತೀನಿ."

ಅವಳಿಗೆ ಬೇಜಾರಾಗಿದ್ದು ವೈನಿಗಲ್ಲ, ಈ ಮಾತಿಗೆ. ನಾನು ಚಿಕ್ಕವನಿದ್ದಾಗ ನಮ್ಮನೆಯ ಹಾರ್ಲಿಕ್ಸ್ ಬಾಟಲಿಗಳ ಚೀಟಿಯನ್ನೆಲ್ಲ ನೆನೆಸಿ, ಉಜ್ಜಿ ತೆಗೆದವಳು ಅವಳು. ಆ ಬಾಟಲಿಗಳಲ್ಲಿ ಸಾರಿನ ಪುಡಿ, ಚಟ್ನಿ ಪುಡಿ ತುಂಬಿರುತ್ತಿದ್ದವು. ಚೀಟಿ ಮೋರಿಗೆ, ಬಾಟಲಿ ಶೆಲ್ಫಿಗೆ. ಮಗ ನೋಡಿದರೆ ಪೂರ್ತಿ ಉಲ್ಟಾ.

ಈ ಹುಚ್ಚು ಹತ್ತಿ ನಾಲ್ಕು ವರ್ಷ. ಫ್ರಾನ್ಸಿನ ವೈನ್ ತಯಾರಕರಾದ ಶಾಟೋ ಮೂಟೋ ರೋಥ್‌ಶೀಲ್ಡ್‌ನವರು 1945ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಒಬ್ಬೊಬ್ಬ ಕಲಾವಿದರ ಚಿತ್ರವನ್ನು ಲೇಬಲ್ ಮೇಲೆ ಹಾಕುತ್ತಾರೆ ಅಂತ ಎಲ್ಲೋ ಓದಿದ್ದೆ. 1973ರದ್ದು ಪಿಕಾಸೊ, 2009ರದ್ದು ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. ನನ್ನ ಸಂಬಳಕ್ಕೆ ಅವು ಸಿಗುವಂಥವಲ್ಲ ಬಿಡಿ. ನನ್ನ ಫೈಲಿನಲ್ಲಿರುವುದು ಹೆಚ್ಚಾಗಿ ನಂದಿ ಬೆಟ್ಟದ ಸುತ್ತಿನವು, ನಾಸಿಕ್‌ನವು. ಒಂದೊಂದರ ಹಿಂದೆಯೂ ಪೆನ್ಸಿಲ್‌ನಲ್ಲಿ ತಾರೀಖು ಬರೆದಿರುತ್ತೇನೆ. ಅವತ್ತು ಯಾರ ಮನೆ, ಯಾಕೆ ಸೇರಿದ್ದೆವು, ಊಟಕ್ಕೆ ಏನಿತ್ತು, ಅಷ್ಟೇ. ವೈನ್ ರುಚಿ ಹೇಗಿತ್ತು ಅಂತ ಬರೆಯುವಷ್ಟು ನಾಲಿಗೆ ನನಗಿಲ್ಲ.

ಬಕೆಟ್‌ಗೆ ಬಿಸಿನೀರು, ಎರಡು ಚಮಚ ಅಡುಗೆ ಸೋಡಾ ಹಾಕಿದ್ದೆ. ಮುಕ್ಕಾಲು ಗಂಟೆಯಲ್ಲಿ ಎರಡು ಲೇಬಲ್ ತಾವಾಗೇ ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತಿದ್ದವು. ಎರಡೂ ಹೊರದೇಶದವು, ನೀರಿಗೆ ಕರಗುವ ಗೋಂದಿನವು. ಇಂಥವನ್ನು ಎಳೆಯಲೇಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ತೂರಿಸಿ, ದೋಸೆ ಎತ್ತಿದ ಹಾಗೆ ಎತ್ತಬೇಕು. ಹಿಂದಿನ ಗೋಂದು ತೊಳೆದು, ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಬೇಕು. ಮೊದಮೊದಲು ದಿನಪತ್ರಿಕೆಯಲ್ಲಿ ಇಡುತ್ತಿದ್ದೆ. ಒಂದು ಲೇಬಲ್ ಮೇಲೆ ವಾರ ಭವಿಷ್ಯ ಅಚ್ಚಾಗಿತ್ತು. ಅದನ್ನೂ ಇಟ್ಟುಕೊಂಡಿದ್ದೇನೆ.

ಮೂರನೆಯದು ಅರ್ಧಕ್ಕೆ ಹರಿಯಿತು. ಹೋಗಲಿ, ಡೂಪ್ಲಿಕೇಟ್ ಇತ್ತು.

ನಾಲ್ಕನೆಯದೇ ನನ್ನದು. ನಂದಿ ಕಡೆಯ ದ್ರಾಕ್ಷಿ ತೋಟಕ್ಕೆ ಹೋದಾಗ ತಂದ ಶಿರಾಜ್ ಅನ್ನೋ ಕೆಂಪು ವೈನ್, ಮದುವೆಯ ಐದನೇ ವರ್ಷಕ್ಕೆ ತೆಗೆದಿದ್ದು. ಎರಡು ಗಂಟೆ ನೆಂದರೂ ಲೇಬಲ್ ಅಲ್ಲಾಡಲಿಲ್ಲ. ಉಗುರು ಹಾಕಿದೆ. ಮೂಲೆಯಲ್ಲಿ ಮೇಲಿನ ಪದರ ಮಾತ್ರ ಎದ್ದು ಬಂತು. ಎದೆ ಧಸಕ್ಕೆಂದಿತು.

ಅಷ್ಟು ಹೊತ್ತು ಸುಮ್ನೆ ನೋಡುತ್ತಿದ್ದ ಅಮ್ಮ, "ಬಿಡೋ, ಅದು ಸ್ಟಿಕ್ಕರು. ನೀರಿಗೆ ಎಲ್ಲಿ ಬರುತ್ತೆ?" ಅಂದಳು. "ಸ್ಟೀಲ್ ಪಾತ್ರೆ ತಂದಾಗ ಸ್ಟಿಕ್ಕರ್ ಹೇಗೆ ತೆಗೀತೀವಿ? ಒಲೆ ಮೇಲೆ ಒಂದು ಗಳಿಗೆ ಕಾಯಿಸ್ತೀವಿ, ಅಲ್ವಾ?"

ಬಾಟಲಿಯನ್ನು ಒಲೆ ಮೇಲೆ ಇಡುವ ಹಾಗಿಲ್ಲ. ಹೊರಗೆ ಕಾಯಿಸದಿದ್ದರೆ ಒಳಗಿನಿಂದ ಕಾಯಿಸಬಹುದು ಅಂತ ಆಗ ಹೊಳೆಯಿತು. ಅಮ್ಮ ಕುದಿಯುವ ನೀರು ತರಲು ಬಿಡಲಿಲ್ಲ. ತಣ್ಣನೆ ಗಾಜಿಗೆ ಒಮ್ಮೆಲೇ ಸುರಿದರೆ ಸೀಳುತ್ತದೆ. ಬಾಟಲಿ ಒರೆಸಿ, ಮೊದಲು ಉಗುರುಬೆಚ್ಚಗಿನ ನೀರು ಹಾಕಿ ಚೆಲ್ಲಿದಳು. ಆಮೇಲೆ ಬಿಸಿ, ಆಮೇಲೆ ಇನ್ನೂ ಬಿಸಿ. ಟವೆಲ್‌ನಲ್ಲಿ ಹಿಡಿದುಕೊಂಡು ಐದು ನಿಮಿಷ ಕಾದೆವು. ಹರಿಯದ ಮೂಲೆಗೆ ಹೊಸ ಬ್ಲೇಡ್ ತೂರಿಸಿ ಮೀಟಿದೆ. ಅಂಟು ಮೆತ್ತಗಾಗಿ ಎಳೆ ಎಳೆಯಾಗಿ ಬಿಡುತ್ತಿತ್ತು. ನಾನು ಬ್ಲೇಡ್ ಹಿಡಿದೆ, ಅಮ್ಮ ಬಾಟಲಿ ತಿರುಗಿಸಿದಳು. ಒಂದು ಇಂಚಿಗೆ ಒಂದು ನಿಮಿಷ. ಇಬ್ಬರೂ ಮಾತಾಡಲಿಲ್ಲ.

ಇಡಿಯಾಗಿ ಬಂತು. ನೇರ ದಪ್ಪ ಹಾಳೆಗೆ ಅಂಟಿಸಿದೆ. ಎದ್ದಿದ್ದ ಮೂಲೆಯನ್ನು ಅಮ್ಮ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದಳು. "ಚೆನ್ನಾಗಿದೆ ಕಣೋ ಚಿತ್ರ" ಎಂದು ಕನ್ನಡಕ ಸರಿಮಾಡಿಕೊಂಡು ಓದಿದಳು. 750 ಎಂಎಲ್, 13.5 ಪರ್ಸೆಂಟು. "ಇಷ್ಟೂ ನೀವಿಬ್ಬರೇ ಕುಡಿದ್ರಾ?" ನಾನು ಅಂಟು ಮೆತ್ತಿದ ಕೈ ತೊಳೆಯಲು ಎದ್ದೆ.

ಬಾಟಲಿಯ ಮೇಲೆ ಉಳಿದ ಅಂಟನ್ನು ಅವಳೇ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದಳು. ತಿರುಪು ಮುಚ್ಚಳ ಇದ್ದ ಎರಡನ್ನು ಆರಿಸಿ, ಹಳೇ ಸೀರೆಯಲ್ಲಿ ಸುತ್ತಿ, ಮಾರನೇ ದಿನ ಊರಿಗೆ ಒಯ್ದಳು. ಗಾಣದ ಎಣ್ಣೆ ತುಂಬಿಡಲು.

ಹೋದ ವಾರ ಫೋನ್ ಮಾಡಿದ್ದಳು. ಪಕ್ಕದ ಮನೆಯವರಿಗೂ ಅಂಥದ್ದೇ ಎರಡು ಬಾಟಲಿ ಬೇಕಂತೆ.

"ನೀನು ಕುಡೀಬೇಡ. ನಿನ್ನ ಫ್ರೆಂಡ್ಸಿಗೆ ಹೇಳು."