ಕೋಟಿಗಟ್ಟಲೆ ದುಡ್ಡು ಬರುತ್ತಲ್ಲ, ಸೋತರೆ ಅವರಿಗೇನು?

ಕ್ರಿಕೆಟ್ ಬಗ್ಗೆ ಬರೆಯುವವನು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಇದನ್ನು ಕೇಳದೆ ಬಿಡುವುದಿಲ್ಲ. ಗೆದ್ದರೂ ದುಡ್ಡು, ಸೋತರೂ ದುಡ್ಡು. ನಾವಿಲ್ಲಿ ಟಿವಿ ಮುಂದೆ ಕೂತು ಬಿಪಿ ಏರಿಸಿಕೊಳ್ಳಬೇಕು, ಅವರು ಮಾರನೇ ದಿನ ಜಾಹೀರಾತಿನಲ್ಲಿ ನಗುತ್ತಿರುತ್ತಾರೆ. ಅವರಿಗೆ ನಿಜವಾಗಿ ನೋವಾಗುತ್ತಾ?

ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಕೇಳುವವರ ತಲೆಯಲ್ಲಿ ಇರುವುದು ಹತ್ತು ಹದಿನೈದು ಮುಖಗಳು, ಅಷ್ಟೇ. ಆಟವನ್ನೇ ನಂಬಿ ಬದುಕುವ ಉಳಿದವರ ಕಥೆ ಬೇರೆ. 2021ರಲ್ಲಿ ಬಿಸಿಸಿಐ ದೇಶಿ ಕ್ರಿಕೆಟ್‌ನ ಸಂಭಾವನೆ ಏರಿಸಿತು. ಆ ಲೆಕ್ಕದಲ್ಲಿ ರಣಜಿ ಆಡುವವನಿಗೆ ದಿನಕ್ಕೆ 40,000ದಿಂದ 60,000 ರೂಪಾಯಿ, ಎಷ್ಟು ಪಂದ್ಯ ಆಡಿದ ಅನುಭವ ಇದೆ ಅನ್ನುವುದರ ಮೇಲೆ. ಒಳ್ಳೆಯ ದುಡ್ಡೇ. ಆದರೆ ಹನ್ನೊಂದರಲ್ಲಿ ಹೆಸರಿಲ್ಲದೆ ಹೊರಗೆ ಕೂತರೆ ಅರ್ಧ, ತಂಡದಲ್ಲೇ ಇಲ್ಲ ಅಂದರೆ ಸೊನ್ನೆ. ಸೀಸನ್ ಇರುವುದೇ ವರ್ಷದಲ್ಲಿ ಕೆಲವು ತಿಂಗಳು.

ನನ್ನ ಉತ್ತರದ ಮುಖ್ಯ ಮಾತು ಇಲ್ಲಿದೆ. ನಾವು ಸೋಲು ಅಂದರೆ ಸ್ಕೋರ್‌ಬೋರ್ಡ್ ನೋಡುತ್ತೇವೆ. ಆಟಗಾರನಿಗೆ ನಿಜವಾದ ಪೆಟ್ಟು ಬೀಳುವುದು ಜಾಸ್ತಿ ಸಲ ತನ್ನದೇ ತಂಡದ ಪಟ್ಟಿಯಿಂದ. ಎದುರಾಳಿ ಒಂದು ಪಂದ್ಯ ಕಿತ್ತುಕೊಳ್ಳುತ್ತಾನೆ. ಪಕ್ಕದಲ್ಲಿ ಪ್ಯಾಡ್ ಕಟ್ಟಿಕೊಳ್ಳುತ್ತಾ ಕೂತಿರುವವನು, ಒಟ್ಟಿಗೆ ಊಟ ಮಾಡುವವನು, ನಿಮ್ಮ ಜಾಗವನ್ನೇ ತೆಗೆದುಕೊಳ್ಳಬಹುದು. ಆಮೇಲೂ ಅವನು ಬೌಂಡರಿ ಹೊಡೆದಾಗ ಚಪ್ಪಾಳೆ ತಟ್ಟಬೇಕು.

ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್ ಉದಾಹರಣೆ ತಗೊಳ್ಳಿ. 2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ಎದುರು ಔಟಾಗದೆ 303. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಭಾರತೀಯರಲ್ಲಿ ಸೆಹ್ವಾಗ್ ಬಿಟ್ಟರೆ ಇವರೇ. ಅದೇ ಇನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 199ಕ್ಕೆ ಔಟಾಗಿದ್ದರು. ಬೆಂಗಳೂರಿನಲ್ಲಿ ಅವತ್ತು ಎಲ್ಲರೂ ಒಂದು ಕಡೆ ಕುಣಿದು ಇನ್ನೊಂದು ಕಡೆ ಛೇ ಅಂದವರೇ. ಸರಿ, ಮುಂದಿನ ಟೆಸ್ಟ್‌ಗೆ ಏನಾಯಿತು? ಗಾಯ ವಾಸಿಯಾಗಿ ರಹಾನೆ ವಾಪಸ್ ಬಂದರು, ತ್ರಿಶತಕ ಹೊಡೆದವರು ಹೊರಗೆ. ನಂತರ ಆಸ್ಟ್ರೇಲಿಯಾ ಎದುರು ಸಿಕ್ಕ ಅವಕಾಶದಲ್ಲಿ 26, 0, 23, 5. ಅದು ಅವರದೇ ಲೆಕ್ಕ, ಯಾರನ್ನೂ ದೂರುವ ಹಾಗಿಲ್ಲ. ಆದರೆ 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಐದು ಟೆಸ್ಟ್ ಹೊರಗೇ ಕೂರಿಸಿದರು. ಕೊನೆಯ ಟೆಸ್ಟ್‌ಗೆ ಜಾಗ ಖಾಲಿಯಾದಾಗ, ಸರಣಿಯ ಮಧ್ಯದಲ್ಲಿ ಬಂದು ಸೇರಿಕೊಂಡ ಹನುಮ ವಿಹಾರಿಗೆ ಕ್ಯಾಪ್ ಸಿಕ್ಕಿತು. ವಿಹಾರಿ ಆ ಪಂದ್ಯದಲ್ಲಿ ಅರ್ಧಶತಕ ಹೊಡೆದರು ಅನ್ನುವುದೂ ನಿಜ, ಆಯ್ಕೆ ಮಾಡಿದವರನ್ನು ಬೈಯುವುದೂ ಅಷ್ಟು ಸುಲಭ ಇಲ್ಲ ನೋಡಿ.

2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. ಇದೇ ಕರ್ನಾಟಕಕ್ಕೆ 2015ರ ರಣಜಿ ಫೈನಲ್‌ನಲ್ಲಿ 328 ಹೊಡೆದುಕೊಟ್ಟವರು. ಆ ಡಿಸೆಂಬರಿನಲ್ಲಿ ಅವರು ಟ್ವಿಟರ್‌ನಲ್ಲಿ ಒಂದೇ ಸಾಲು ಹಾಕಿದರು: ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು. ನಕ್ಕವರೂ ಇದ್ದರು.

ಆಮೇಲೆ ವಿದರ್ಭಕ್ಕೆ ಹೋದರು, ಇಂಗ್ಲೆಂಡಿನಲ್ಲಿ ನಾರ್ತಾಂಪ್ಟನ್‌ಶೈರ್‌ಗೆ ಕೌಂಟಿ ಆಡಿದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ, ಅಂದರೆ ರಾಜ್ಯ ತಂಡಗಳ ಏಕದಿನ ಟೂರ್ನಿಯಲ್ಲಿ, ಎಂಟು ಇನಿಂಗ್ಸ್‌ಗೆ 779 ರನ್, ಐದು ಶತಕ, ಔಟಾಗಿದ್ದು ಎರಡೇ ಸಲ. ಸರಾಸರಿ 389.5, ಟೈಪಿಂಗ್ ತಪ್ಪಲ್ಲ! ಆ ಫೈನಲ್‌ನಲ್ಲಿ ವಿದರ್ಭದ ನಾಯಕನಾಗಿ ಅವರು ಯಾರಿಗೆ ಸೋತರು ಗೊತ್ತಾ? ಕರ್ನಾಟಕಕ್ಕೆ. ನನಗಂತೂ ಅವತ್ತು ಯಾರಿಗೆ ಜೈ ಅನ್ನಬೇಕೋ ತಿಳಿಯಲಿಲ್ಲ. ಅದೇ ಸೀಸನ್‌ನ ರಣಜಿ ಫೈನಲ್‌ನಲ್ಲಿ ಕೇರಳದ ಎದುರು 86 ಮತ್ತು 135 ಹೊಡೆದು ವಿದರ್ಭಕ್ಕೆ ಕಪ್ ಕೊಡಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ, ಫಾರ್ವರ್ಡ್ ಮಾಡೋಕೆ ಲಾಯಕ್ಕು. ಆದರೆ 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ, ಲೀಡ್ಸ್‌ನಲ್ಲಿ ಭಾರತಕ್ಕೆ ಆಡಲು ಇಳಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಆ ಸರಣಿಯಲ್ಲಿ ನಾಲ್ಕು ಟೆಸ್ಟ್, ಒಂದೇ ಅರ್ಧಶತಕ, ಅದೂ ಓವಲ್‌ನಲ್ಲಿ. ಅದಾದ ಮೇಲೆ ವೆಸ್ಟ್ ಇಂಡೀಸ್ ಎದುರಿನ ಸರಣಿಗೆ ಮತ್ತೆ ಹೆಸರಿಲ್ಲ. ಅಷ್ಟರಲ್ಲಿ ವಿದರ್ಭ ಬಿಟ್ಟು ಕರ್ನಾಟಕಕ್ಕೆ ವಾಪಸ್ ಬಂದಿದ್ದರು. ಅಕ್ಟೋಬರಿನಲ್ಲಿ ಶಿವಮೊಗ್ಗದಲ್ಲಿ ಗೋವಾ ಎದುರು ಔಟಾಗದೆ 174. ಈ ಇಡೀ ಓಡಾಟವನ್ನು ದುಡ್ಡಿಗಾಗಿ ಅಂತ ವಿವರಿಸೋಕೆ ಆಗುತ್ತಾ? ನನಗಂತೂ ಆಗಲ್ಲ.

ಹಾಗಾದರೆ ಇಷ್ಟು ಪೈಪೋಟಿ ಒಳಗೇ ಇರುವಾಗ ತಂಡ ಅನ್ನುವುದು ನಡೆಯುವುದು ಹೇಗೆ? ಕೆಲವರು ತಮ್ಮ ಪಾಲಿನದನ್ನು ಬಿಟ್ಟುಕೊಡುತ್ತಾರೆ, ಅದರಿಂದ. 1999ರ ಫೆಬ್ರವರಿ, ದೆಹಲಿಯ ಕೋಟ್ಲಾ. ಪಾಕಿಸ್ತಾನದ ಒಂಬತ್ತೂ ವಿಕೆಟ್ ಕುಂಬ್ಳೆ ಪಾಲಾಗಿದೆ. ಇನ್ನೊಂದು ತುದಿಯಿಂದ ಶ್ರೀನಾಥ್ ಬೌಲಿಂಗ್. ಒಂದು ವಿಕೆಟ್ ತೆಗೆದಿದ್ದರೆ ಅದು ಶ್ರೀನಾಥ್ ಹೆಸರಿಗೇ ಬರುತ್ತಿತ್ತು. ಆದರೆ ವೇಗದ ಬೌಲರ್ ಆದ ಆ ಮನುಷ್ಯ ಬೇಕಂತಲೇ ಬ್ಯಾಟಿಗೆ ಸಿಗದ ಹಾಗೆ ಹೊರಗೆ ಹಾಕಿದರು, ವೈಡ್ ಕೊಟ್ಟರು. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಔಟ್, ಕುಂಬ್ಳೆಗೆ 74 ರನ್‌ಗೆ ಹತ್ತು ವಿಕೆಟ್. ಆ ಇನಿಂಗ್ಸ್‌ನ ಸ್ಕೋರ್‌ಕಾರ್ಡ್‌ನಲ್ಲಿ ಶ್ರೀನಾಥ್ ಮುಂದೆ ಸೊನ್ನೆ ವಿಕೆಟ್ ಇದೆ.

ದ್ರಾವಿಡ್ ಬಗ್ಗೆ ಎಲ್ಲರೂ ಬರೆದು ಸವೆಸಿದ್ದಾರೆ, ನಾನು ಎರಡೇ ವಿಷಯ ಹೇಳುತ್ತೇನೆ. 2011ರ ಇಂಗ್ಲೆಂಡ್ ಸರಣಿ ಭಾರತ 4-0 ಸೋತಿತು. ಗಾಯಗೊಂಡವರ ಬದಲಿಗೆ ತನ್ನದಲ್ಲದ ಆರಂಭಿಕ ಸ್ಥಾನದಲ್ಲೂ ನಿಂತು ಅವರು ಮೂರು ಶತಕ ಹೊಡೆದಿದ್ದರು. ಓವಲ್‌ನಲ್ಲಂತೂ ಆರಂಭಕ್ಕೆ ಇಳಿದು, ತಂಡ ಪೂರ್ತಿ ಔಟಾದರೂ 146ಕ್ಕೆ ಔಟಾಗದೆ ಉಳಿದು, ಫಾಲೋ ಆನ್ (ತುಂಬಾ ಹಿಂದೆ ಬಿದ್ದ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡುವುದು) ಬಂದಿದ್ದಕ್ಕೆ ಸ್ವಲ್ಪ ಹೊತ್ತಿಗೇ ಮತ್ತೆ ಪ್ಯಾಡ್ ಕಟ್ಟಿ ಇಳಿದರು. ಚೆನ್ನಾಗಿ ಆಡಿ ಸೋಲುವುದು ಕೆಟ್ಟದಾಗಿ ಆಡಿ ಸೋಲುವುದಕ್ಕಿಂತ ಕಷ್ಟ ಅಂತ ನನ್ನ ಅನಿಸಿಕೆ, ಬೈದುಕೊಳ್ಳೋಕೂ ಏನೂ ಸಿಗಲ್ಲ.

ಎರಡನೆಯದು ದುಡ್ಡಿನದೇ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕೋಚ್ ದ್ರಾವಿಡ್‌ಗೆ ಮಂಡಳಿ 50 ಲಕ್ಷ ಘೋಷಿಸಿತು, ಸಹಾಯಕ ಸಿಬ್ಬಂದಿಗೆ 20 ಲಕ್ಷ. ಹೀಗೆ ಬೇಡ, ಎಲ್ಲರಿಗೂ ಸಮ ಇರಲಿ ಅಂದರು. ಕೊನೆಗೆ ತಲಾ 25 ಲಕ್ಷ ಆಯಿತು. ಇವರಿಗೆ ಬರಬೇಕಿದ್ದರಲ್ಲಿ ಅರ್ಧ ಹೋಯಿತು, ಫಿಸಿಯೋಗೆ 5 ಲಕ್ಷ ಜಾಸ್ತಿ ಬಂತು.