ಮಳೆಗಾಲಕ್ಕೆ ಮೊದಲೇ ಮೀಟರಿಗೆ ದುಡ್ಡು

ಮನೆ ಕಟ್ಟಿ ಮುಗಿದರೂ ತಾತ್ಕಾಲಿಕ ವಿದ್ಯುತ್ ಸಂಪರ್ಕದಲ್ಲಿಯೇ ಸಂಸಾರ ನಡೆಸುತ್ತಿರುವ ಕುಟುಂಬಗಳು ಕೊಡಗಿನಲ್ಲಿಯೂ ಇವೆ. ನಮ್ಮದು ಅವುಗಳಲ್ಲಿ ಒಂದು. ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಒಸಿ ಎಂದು ಕರೆಯುವ ಆ ಕಾಗದ ಇಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ರಾಜ್ಯದ ಎಷ್ಟೋ ಮನೆಗಳ ಕಾಯಂ ಸಂಪರ್ಕದ ಅರ್ಜಿಗಳು ಇದ್ದಲ್ಲೇ ಉಳಿದವು. ನಮ್ಮ ಕಾಗದಪತ್ರಗಳೂ ಇನ್ನೂ ಕೈಸೇರಿಲ್ಲ. ಹೀಗಾಗಿ ತಾತ್ಕಾಲಿಕ ಸಂಪರ್ಕಕ್ಕೆಂದು ಕೊಟ್ಟ, ಮೊದಲೇ ದುಡ್ಡು ತುಂಬಿ ಬಳಸುವ ಪ್ರೀಪೇಯ್ಡ್ ಮೀಟರು ನಮ್ಮ ಮನೆಯ ಗೋಡೆಯ ಮೇಲಿದೆ.

ಖರ್ಚು ಹೆಚ್ಚಾಗುವುದು ಮೀಟರಿನಿಂದ ಅಲ್ಲ, ದರದಿಂದ. 2025-26ರ ದರಪಟ್ಟಿಯಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇದ್ದರೆ, ತಾತ್ಕಾಲಿಕ ಸಂಪರ್ಕದ ದರ ಅದಕ್ಕಿಂತ ಬಹಳ ಮೇಲಿತ್ತು. 2023ರಿಂದ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ರಾಜ್ಯದ ಮನೆಗಳಿಗೆ ಸಿಗುತ್ತಿರುವ ಗೃಹಜ್ಯೋತಿಯ ಸೌಲಭ್ಯವೂ ನಮಗಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಶೂನ್ಯ ಬಿಲ್ಲು ಬರುವಾಗ ಅದೇ ಅನ್ನ, ಅದೇ ಸ್ನಾನ, ಅದೇ ದೀಪಕ್ಕೆ ನಾವು ಹೆಚ್ಚು ತೆರುತ್ತಿದ್ದೇವೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಆದರೂ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ದರಕ್ಕಿಂತ ಕಾಲಾವಕಾಶದ ಪ್ರಶ್ನೆ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಿಲ್ಲು ಕಟ್ಟದವರ ಸಂಪರ್ಕ ಕಡಿಯುವ ಮುನ್ನ ಕನಿಷ್ಠ ಹದಿನೈದು ದಿನಗಳ ಲಿಖಿತ ನೋಟಿಸು ಕೊಡಬೇಕು. ಅದೇ ಕಾಯ್ದೆಯ 47ನೇ ಕಲಮು, ಪ್ರೀಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎನ್ನುತ್ತದೆ. ಠೇವಣಿ ಉಳಿಯುವುದು ಒಳ್ಳೆಯದೇ. ಆದರೆ ಕೈಯಲ್ಲಿ ಕಾಸಿಲ್ಲದ ವಾರವನ್ನು ದಾಟಿಸುತ್ತಿದ್ದ ಆ ಹದಿನೈದು ದಿನಗಳು, ತುಂಬಿದ ದುಡ್ಡು ಸೊನ್ನೆಗೆ ಇಳಿದಾಗ ತಾನಾಗಿ ಸಂಪರ್ಕ ಕಡಿದುಕೊಳ್ಳುವ ಮೀಟರಿನಲ್ಲಿ ಇಲ್ಲ. ಆದ್ದರಿಂದ ಆ ಅವಕಾಶವನ್ನು ಮನೆಯವರೇ ಮುಂಗಡವಾಗಿ ಕಟ್ಟಿಕೊಳ್ಳಬೇಕಾಗುತ್ತದೆ.

ಅದಕ್ಕೆ ಮೊದಲು ದುಡ್ಡು ಎಲ್ಲಿ ಹೋಗುತ್ತಿದೆ ಎಂದು ತಿಳಿಯಬೇಕು. ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ, ಅದರ ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು 3200. ಅಂದರೆ ದೀಪ ಅಷ್ಟು ಬಾರಿ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತೆಂದು ಅರ್ಥ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಒಂದೊಂದನ್ನೇ ಹಾಕಿ ಆ ದೀಪವನ್ನು ನೋಡುತ್ತಾ ನಿಂತರೆ ಬೇರೆ ಯಾವ ಲೆಕ್ಕವೂ ಬೇಕಾಗುವುದಿಲ್ಲ. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬೊಂದೇ ಉರಿಯುವಾಗ ಅದು ಮಿನುಗಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಎರಡು ಕಿಲೋವ್ಯಾಟಿನ ಗೀಸರು ಹಾಕಿದ ಕೂಡಲೇ ಅದೇ ದೀಪ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಬಾರಿ ಪಟಪಟನೆ ಬಡಿಯತೊಡಗುತ್ತದೆ. ನಮ್ಮ ಹುಡುಗರಿಗೆ ಇದನ್ನು ಒಮ್ಮೆ ತೋರಿಸಿದ ಮೇಲೆ ಗೀಸರನ್ನು ಆರಿಸಿರೆಂದು ಹೇಳುವ ಅಗತ್ಯ ಬಹಳ ಕಡಿಮೆಯಾಗಿದೆ.

ಕೊಡಗಿನ ಚಳಿಯಲ್ಲಿ ಫ್ಯಾನಿನ ಖರ್ಚು ಅಲ್ಪ. ದುಡ್ಡು ನುಂಗುವುದು ಬಿಸಿನೀರು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿಗಿಂತ ಹೆಚ್ಚು ಬೇಕು, ಮತ್ತು ಯಾವ ಕಂಪನಿಯ ಗೀಸರು ತಂದರೂ ನೀರು ಕೇಳುವ ಆ ಶಾಖವನ್ನು ಕಡಿಮೆ ಮಾಡಲಾಗದು. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ ದಾಟುತ್ತದೆ. ಮಾಡಿನ ಮೇಲಿನ ಸೋಲಾರು ಜೂನಿನಿಂದ ಆಗಸ್ಟಿನವರೆಗೆ ಮೋಡದ ಕೆಳಗೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. "ಹಂಡೆ ಒಲೆ ಹಾಕಿಸಿ, ತೋಟದ ಸೌದೆ ಮಳೆಗೆ ಕೊಳೆಯೋದು ಯಾಕೆ?" ಎಂದು ಅತ್ತೆ ಕೇಳಿದ್ದು ಸರಿಯಾಗಿಯೇ ಇತ್ತು. ಮರಗಸಿಯ ಹೊತ್ತಿನಲ್ಲಿ ಕಡಿದ ನೆರಳು ಮರಗಳ ಕೊಂಬೆಗಳನ್ನು ಬೇಸಿಗೆಯಲ್ಲೇ ತುಂಡು ಮಾಡಿ ಕೊಟ್ಟಿಗೆಯಲ್ಲಿ ಒಟ್ಟಿದರೆ, ಮಳೆಗಾಲ ಪೂರ್ತಿ ಬಚ್ಚಲ ಒಲೆ ನಡೆಯುತ್ತದೆ. ಹಸಿ ಸೌದೆಯ ಹೊಗೆ ವಯಸ್ಸಾದವರ ಎದೆಗೆ ಒಳ್ಳೆಯದಲ್ಲವಾದ್ದರಿಂದ, ಒಲೆಯನ್ನು ಮನೆಯ ಹೊರಗೆ ಶೀಟಿನ ಮಾಡಿನಡಿ ಕಟ್ಟಿಸಿ ಹೊಗೆಕೊಳವೆ ಇಡಿಸಿದೆವು. ಒದ್ದೆ ಬಟ್ಟೆಗಳನ್ನು ಅದರ ಮೇಲಿನ ಅಟ್ಟದ ಹಗ್ಗದಲ್ಲಿ ಒಣಗಿಸುವುದರಿಂದ, ಬಟ್ಟೆಗೆಂದು ರೂಮ್ ಹೀಟರ್ ಹಾಕುವುದೂ ನಿಂತಿದೆ. ಎರಡು ಕಡ್ಡಿಯ ಹೀಟರು ಗಂಟೆಗೆ ಎರಡು ಯೂನಿಟ್ ತಿನ್ನುತ್ತಿತ್ತು.

ಇನ್ವರ್ಟರಿನ ಖರ್ಚನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ, 150 ಆಂಪಿಯರ್-ಅವರಿನ ಬ್ಯಾಟರಿ ಪೂರ್ತಿ ಬರಿದಾದರೆ, ಕರೆಂಟ್ ಬಂದ ಮೇಲೆ ಅದು ಮತ್ತೆ ತುಂಬಲು ಎರಡು ಯೂನಿಟ್ಟಿಗೂ ಹೆಚ್ಚು ಎಳೆಯುತ್ತದೆ. ಜುಲೈ-ಆಗಸ್ಟಿನ ನಡುವೆ ಬರುವ ಕಕ್ಕಡ ತಿಂಗಳಿನಲ್ಲಿ ಇಂಥ ದಿನಗಳಿಗೆ ಕೊರತೆಯಿಲ್ಲ. ಅದರ ಮೇಲೆ, ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಕರೆಂಟ್ ಇಲ್ಲದ ದಿನವೂ ಕಡಿತವಾಗುತ್ತಲೇ ಇರುತ್ತದೆ. ಬೇಕಾದದ್ದಕ್ಕಿಂತ ಹೆಚ್ಚಿನ ಲೋಡ್ ಬರೆಸದಿರುವುದು ಈ ಕಾರಣಕ್ಕೆ ಮುಖ್ಯ.

ಮಳೆಗಾಲದ ಇನ್ನೊಂದು ತೊಡಕು ರೀಚಾರ್ಜಿನದು. ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರಿನ ಬ್ಯಾಟರಿಯೂ ಸೋಲುತ್ತದೆ. ಮೀಟರಿನಲ್ಲಿ ದುಡ್ಡು ಕಡಿಮೆಯಾಯಿತೆಂಬ ಸಂದೇಶ ನಮಗೆ ತಲುಪುವುದಿಲ್ಲ, ದುಡ್ಡು ಕಟ್ಟಲು ನಮಗೆ ದಾರಿಯಿರುವುದಿಲ್ಲ. ಮೈಸೂರಿನಲ್ಲಿರುವ ಮೈದುನ ಅಲ್ಲಿಂದಲೇ ಕಟ್ಟಿದರೂ ಆ ಸುದ್ದಿ ಮೀಟರಿಗೆ ಮುಟ್ಟಲು ಸಂಪರ್ಕಜಾಲ ಬೇಕೇ ಬೇಕು. ಅದಕ್ಕಾಗಿ ಕಾಫಿ ಕೊಯ್ಲಿನ ಕೂಲಿಯೋ ಹಣವೋ ಕೈಯಲ್ಲಿರುವ ತಿಂಗಳುಗಳಲ್ಲಿಯೇ ಪ್ರತಿ ರೀಚಾರ್ಜಿಗೂ ಸ್ವಲ್ಪ ಹೆಚ್ಚು ಸೇರಿಸಿ, ಜೂನ್ ಹಿಡಿಯುವ ಹೊತ್ತಿಗೆ ಒಂದು ತಿಂಗಳಿಗಾಗುವಷ್ಟು ದುಡ್ಡನ್ನು ಮೀಟರಿನಲ್ಲಿ ಉಳಿಸಿಕೊಳ್ಳುವುದು ನಮ್ಮ ಮನೆಯ ಪದ್ಧತಿಯಾಗಿದೆ.

ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ದಿನಗೂಲಿಯಿಂದ ಬದುಕುವವರಿಗೆ ಇಂಥ ಮೀಟರು ಬಂದರೆ, ಮಳೆಗೆ ಕೆಲಸವೇ ನಿಂತ ವಾರದಲ್ಲಿ ಅವರು ಮುಂಗಡವನ್ನು ಎಲ್ಲಿಂದ ತರಬೇಕು? ಕಾಯ್ದೆ ಕೊಟ್ಟಿರುವ ಹದಿನೈದು ದಿನಗಳ ಅವಕಾಶವನ್ನು, ಜೂನಿನಿಂದ ಆಗಸ್ಟಿನವರೆಗಿನ ಮೂರು ತಿಂಗಳಾದರೂ, ಕೊಡಗಿನ ಪ್ರೀಪೇಯ್ಡ್ ಮನೆಗಳಿಗೂ ಸಾಲದ ರೂಪದಲ್ಲಿ ಕೊಡಬೇಕೆಂದು ಮನವಿ ಬರೆದಿದ್ದೇನೆ. ಅದಕ್ಕೆ ನೆರೆಹೊರೆಯವರ ಸಹಿ ಹಾಕಿಸುತ್ತಿದ್ದೇನೆ. ಪ್ರೀಪೇಯ್ಡ್ ಮೀಟರು ಇಲ್ಲದವರೂ ಸಹಿ ಹಾಕುತ್ತಿದ್ದಾರೆ.