ಅಮ್ಮನ ಗಾಲಿಕುರ್ಚಿ ಮತ್ತು ಅಲಾಸ್ಕಾದ ಹಡಗು

ಸಿಯಾಟಲ್‌ಗೆ ಬಂದು ನೆಲೆಸಿದ ಮೇಲೆ, ಬೇಸಿಗೆಯುದ್ದಕ್ಕೂ ಎಲಿಯಟ್ ಕೊಲ್ಲಿಯಿಂದ ಅಲಾಸ್ಕಾದ ಕಡೆಗೆ ಹೊರಡುವ ಬಿಳಿಯ ಹಡಗುಗಳನ್ನು ವಾರಾಂತ್ಯದ ಸಂಜೆಗಳಲ್ಲಿ ದಡದಲ್ಲಿ ನಿಂತು ನೋಡುವುದು ನಮ್ಮ ಮನೆಯವರಿಗೆ ರೂಢಿಯಾಗಿದೆ. ಮಲೆನಾಡಿನ ಸಾಗರ ಪಟ್ಟಣದಿಂದ ಬಂದಿದ್ದ ಅಮ್ಮನನ್ನೂ ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಆರು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದಾಗ ಅವಳ ಎಡಗೈ ಮತ್ತು ಎಡಗಾಲು ಶಕ್ತಿ ಕಳೆದುಕೊಂಡವು. ಅಂದಿನಿಂದ ಗಾಲಿಕುರ್ಚಿಯೇ ಅವಳ ಓಡಾಟ. ಅವಳು ಬಲ್ಲ ಏಕೈಕ ಹಡಗೆಂದರೆ ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ದಾಟಿಸುತ್ತಿದ್ದ ಲಾಂಚ್. ಬಸ್ಸು, ಜೀಪು, ಜನ ಎಲ್ಲವೂ ಒಂದೇ ಇಳಿಜಾರಿನಲ್ಲಿ ಹತ್ತಿಕೊಳ್ಳುತ್ತಿದ್ದ ಆ ಲಾಂಚಿಗೆ ಕುರ್ಚಿಯನ್ನು ಏರಿಸುವುದು ಕಷ್ಟವಿರಲಿಲ್ಲ. ಅದನ್ನೇ ನೆನೆದು ಅವಳು, "ಈ ಹಡಗಿಗೂ ನನ್ನ ವೀಲ್‌ಚೇರ್ ಹತ್ತುತ್ತದೇನೇ?" ಎಂದು ಕೇಳಿದಳು. ಏನೂ ತಿಳಿಯದೆ ನಾನು "ಹತ್ತುತ್ತದೆ ಅಮ್ಮ" ಎಂದೆ. ಆ ಮಾತನ್ನು ಉಳಿಸಿಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವ ಅನೇಕರು ಇದೇ ಪ್ರಶ್ನೆಯನ್ನು ನನಗೆ ಕೇಳುತ್ತಿರುವುದರಿಂದ, ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಹೆಜ್ಜೆಯಲ್ಲೇ ನಾನು ಎಡವಿದೆ. ಪರಿಚಯದವರು ಹೇಳಿದ ಒಬ್ಬ ಏಜೆಂಟರಿಗೆ ಫೋನ್ ಮಾಡಿ, ಅಮ್ಮ ಗಾಲಿಕುರ್ಚಿ ಬಳಸುತ್ತಾಳೆಂದು ತಿಳಿಸಿದಾಗ, ಅವರು "ಏನೂ ತೊಂದರೆಯಿಲ್ಲ, ಹಡಗಿನ ತುಂಬ ಲಿಫ್ಟ್‌ಗಳಿವೆ" ಎಂದು ಭರವಸೆ ಕೊಟ್ಟು ಕೋಣೆ ಕಾದಿರಿಸಿದರು. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಹೊರಡುವ ದಿನಕ್ಕೆ ಸುಮಾರು ಮೂರು ತಿಂಗಳ ಮೊದಲು ಬರುತ್ತದೆ. ಅದರ ಹಿಂದಿನ ವಾರ ಏಕೋ ಅನುಮಾನ ಬಂದು ಬಾಗಿಲಿನ ಅಗಲವೆಷ್ಟು ಎಂದು ಕೇಳಿದಾಗ, ಅವರು ಕಾದಿರಿಸಿದ್ದು ಸಾಮಾನ್ಯ ಕೋಣೆಯೆಂದು ಗೊತ್ತಾಯಿತು. ಆ ಕೋಣೆಯ ಬಾಗಿಲು 23 ಅಂಗುಲ, ಅಮ್ಮನ ಕುರ್ಚಿ ಚಕ್ರದಿಂದ ಚಕ್ರಕ್ಕೆ 25 ಅಂಗುಲ. ಅದರೊಳಗಿನ ಸ್ನಾನದ ಮನೆಯ ಬಾಗಿಲು ಇನ್ನೂ ಕಿರಿದು, ಜೊತೆಗೆ ನೀರು ಹೊರಬರದಂತೆ ಕಟ್ಟಿದ ಎತ್ತರದ ಹೊಸ್ತಿಲು. ಕುರ್ಚಿಯನ್ನು ಮಡಚಿ ಹೊರಗಿಡೋಣವೆಂದರೆ, ಬೆಂಕಿ ಅಥವಾ ಇನ್ನಾವುದೇ ಅಪಾಯದ ಹೊತ್ತಿನಲ್ಲಿ ದಾರಿಗೆ ಅಡ್ಡಿಯಾಗಬಾರದೆಂದು ಹಡಗಿನ ಕಾರಿಡಾರಿನಲ್ಲಿ ಯಾವ ವಸ್ತುವನ್ನೂ ಇಡಲು ಬಿಡುವುದಿಲ್ಲ. ಆ ಬುಕಿಂಗನ್ನು ರದ್ದುಮಾಡಿದೆವು, ಅಮ್ಮ ಹಡಗು ಹತ್ತದೆಯೇ ಊರಿಗೆ ಮರಳಿದಳು.

ಆಮೇಲೆ ನಾನು ಅನುಕೂಲವಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಎಷ್ಟು ಅಂಗುಲ ಎಂದು ಕೇಳಿದೆ. ಗಾಲಿಕುರ್ಚಿಯ ಪ್ರಯಾಣಿಕರ ಬೇಕುಬೇಡಗಳನ್ನು ನೋಡಿಕೊಳ್ಳುವುದಕ್ಕೆಂದೇ ದೊಡ್ಡ ಹಡಗು ಕಂಪನಿಗಳಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. ಏಜೆಂಟರನ್ನು ಬಿಟ್ಟು ನೇರವಾಗಿ ಆ ವಿಭಾಗಕ್ಕೇ ಫೋನ್ ಮಾಡಿ, ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕು. ಸಾವಿರಕ್ಕೂ ಹೆಚ್ಚು ಕೋಣೆಗಳಿರುವ ಹಡಗಿನಲ್ಲಿಯೂ ಗಾಲಿಕುರ್ಚಿಗೆ ಒಗ್ಗುವ ಕೋಣೆಗಳು ಕೆಲವೇ ಡಜನ್ ಇರುತ್ತವೆ ಮತ್ತು ಅವು ಒಂದು ವರ್ಷ ಮೊದಲೇ ಹೋಗಿಬಿಡುತ್ತವೆ. ಅವುಗಳಲ್ಲಿಯೂ ಎಲ್ಲವೂ ಒಂದೇ ಬಗೆಯವಲ್ಲ. ನಾಲ್ಕು ಹೆಜ್ಜೆ ನಡೆಯಬಲ್ಲವರಿಗೆಂದು ಹಿಡಿಕೆಗಳನ್ನಷ್ಟೇ ಕೂಡಿಸಿದ ಕೋಣೆಗಳಿವೆ, ಮಂಚದ ಒಂದು ಮಗ್ಗುಲಿಗೆ ಮಾತ್ರ ಕುರ್ಚಿ ಹೋಗುವಂಥವಿವೆ, ಎರಡೂ ಮಗ್ಗುಲಿಗೆ ಹೋಗಿ 5 ಅಡಿ ವ್ಯಾಸದ ವೃತ್ತದಲ್ಲಿ ಕುರ್ಚಿಯನ್ನು ಪೂರ್ತಿ ತಿರುಗಿಸಬಹುದಾದಂಥವೂ ಇವೆ. ನಮಗೆ ಬೇಕಾಗಿದ್ದದ್ದು ಕೊನೆಯದು.

ಯಾವ ಕಡತದಲ್ಲಿಯೂ ಬರೆದಿರದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ನನಗೆ ಹೊಳೆದದ್ದು ಅಮ್ಮ ಕಮೋಡಿಗೆ ಹೇಗೆ ದಾಟಿಕೊಳ್ಳುತ್ತಾಳೆಂಬುದನ್ನು ನೆನಪಿಸಿಕೊಂಡಾಗ. ಅವಳಿಗೆ ಬಲವಿರುವುದು ಬಲಗೈಯಲ್ಲಿ. ಹಾಗಾಗಿ ಗೋಡೆಯ ಹಿಡಿಕೆ ಕುಳಿತವಳ ಬಲಕ್ಕಿರಬೇಕು; ಎಡಕ್ಕಿದ್ದರೆ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅವಳ ಪಾಲಿಗೆ ಅದು ಇಲ್ಲದಂತೆಯೇ. ಅನೇಕ ಹಡಗುಗಳಲ್ಲಿ ಎಡ ಪಾರ್ಶ್ವದ ಕೋಣೆಗಳು ಬಲ ಪಾರ್ಶ್ವದ ಕೋಣೆಗಳನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗಾಗಿರುತ್ತವೆ. ಇದನ್ನು ವಿವರಿಸಿದಾಗ ಫೋನಿನ ಆ ಕಡೆಯಿದ್ದ ಹೆಣ್ಣುಮಗಳು ನಕ್ಷೆಯನ್ನು ತೆಗೆಸಿ ನೋಡಿ, ಮೊದಲು ಕೊಟ್ಟಿದ್ದ ಕೋಣೆಯನ್ನು ಬದಲಿಸಿ ಎದುರು ಬದಿಯದನ್ನು ಕೊಟ್ಟಳು. ಎರಡೂ ಕಾಲು ಸ್ವಾಧೀನದಲ್ಲಿಲ್ಲದೆ ಎತ್ತುವ ಯಂತ್ರ ಬಳಸುವವರಾದರೆ ಮಂಚದ ಕೆಳಗೆ ಯಂತ್ರದ ಕಾಲುಗಳು ನುಗ್ಗುವಷ್ಟು ಜಾಗವಿದೆಯೇ ಎಂಬುದನ್ನೂ ಕೇಳಬೇಕು. ಬಾಲ್ಕನಿಗೆ ಹೋಗುವಲ್ಲಿ ಹೊಸ್ತಿಲಿಗೆ ಇಳಿಜಾರಿನ ಹಲಗೆ ಹಾಕುತ್ತಾರೆಯೇ, ಸ್ನಾನಕ್ಕೆ ಕೂರುವ ಪೀಠ ಗೋಡೆಗೆ ಅಂಟಿಕೊಂಡಿದೆಯೇ ಎಂಬ ಪ್ರಶ್ನೆಗಳೂ ಬೇಕಾದವೇ.

ಇಷ್ಟೆಲ್ಲ ಕೇಳುವುದು ಅವರಿಂದ ಉಪಕಾರ ಬೇಡಿದಂತೆ ಎಂಬ ಸಂಕೋಚ ನಮ್ಮವರಲ್ಲಿ ಬಹಳ. ನನ್ನಲ್ಲಿಯೂ ಇತ್ತು. ಆದರೆ ಇದು ಇಲ್ಲಿ ಹಕ್ಕಿನ ವಿಷಯ. ಅಂಗವೈಕಲ್ಯವುಳ್ಳವರ ಹಕ್ಕುಗಳ ಕುರಿತ ಅಮೆರಿಕದ ಕಾನೂನು 1990ರಲ್ಲಿ ಬಂದರೂ, ಬಹಾಮಾಸ್, ಪನಾಮಾ ಮುಂತಾದ ದೇಶಗಳ ಧ್ವಜ ಹಾರಿಸುವ ಹಡಗುಗಳು ತಮಗದು ಅನ್ವಯಿಸುವುದಿಲ್ಲವೆಂದು ವಾದಿಸುತ್ತಿದ್ದವು. ಗಾಲಿಕುರ್ಚಿ ಬಳಸುವ ಪ್ರಯಾಣಿಕರೇ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಮೆರಿಕದ ನೀರಿನಲ್ಲಿ ಸಂಚರಿಸುವ ವಿದೇಶಿ ಹಡಗುಗಳಿಗೂ ಕಾನೂನು ಅನ್ವಯಿಸುತ್ತದೆಂಬ ತೀರ್ಪು 2005ರಲ್ಲಿ ಬಂತು. ಅಂಗವೈಕಲ್ಯದ ಕಾರಣಕ್ಕೆ ಹೆಚ್ಚಿನ ಶುಲ್ಕ ಕೇಳಬಾರದೆಂಬ ನಿಯಮವನ್ನು ಸಾರಿಗೆ ಇಲಾಖೆ 2010ರಲ್ಲಿ ಮಾಡಿತು. ಅಮ್ಮನ ಕೋಣೆ ಅಷ್ಟು ವಿಶಾಲವಾಗಿದ್ದರೂ ಅದೇ ದರ್ಜೆಯ ಸಾಮಾನ್ಯ ಕೋಣೆಯ ದರವನ್ನಷ್ಟೇ ತೆಗೆದುಕೊಂಡರು.

ಕೋಣೆಯಷ್ಟೇ ಎಚ್ಚರದಿಂದ ಬಂದರುಗಳನ್ನು ಆರಿಸಬೇಕು. ಹಡಗು ದಕ್ಕೆಗೆ ಬಂದು ಕಟ್ಟಿಕೊಳ್ಳುತ್ತದೆಯೋ, ಅಥವಾ ದೂರದಲ್ಲಿ ಲಂಗರು ಹಾಕಿ ಪ್ರಯಾಣಿಕರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕಳುಹಿಸುತ್ತದೆಯೋ ಎಂಬುದು ಮೊದಲ ಪ್ರಶ್ನೆ. ಚಿಕ್ಕ ದೋಣಿಯೆಂದರೆ ಮೋಟಾರು ಇರುವ ಭಾರದ ಗಾಲಿಕುರ್ಚಿಯವರು ಬಹುಮಟ್ಟಿಗೆ ಹಡಗಿನಲ್ಲೇ ಉಳಿಯಬೇಕಾಗುತ್ತದೆ, ಸಮುದ್ರ ಸ್ವಲ್ಪ ಕದಡಿದರೂ ಕೈಯಿಂದ ತಳ್ಳುವ ಗಾಲಿಕುರ್ಚಿಯವರನ್ನೂ ಇಳಿಸುವುದಿಲ್ಲ. ಅದಕ್ಕಾಗಿ ನಾವು ಕೆಚಿಕನ್, ಜುನೋ, ಸ್ಕಾಗ್‌ವೇ ಮೂರರಲ್ಲಿಯೂ ದಕ್ಕೆಗೆ ಬರುವ, ನಡುವೆ ಗ್ಲೇಷಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಗೆ ಹೋಗಿ ಬರುವ ಏಳು ರಾತ್ರಿಗಳ ಪ್ರಯಾಣವನ್ನು ಆರಿಸಿಕೊಂಡೆವು. ಕೊನೆಯಲ್ಲಿ ಕೆನಡಾದ ವಿಕ್ಟೋರಿಯಾ. 1886ರ ಹಳೆಯ ಕಾನೂನೊಂದರ ಪ್ರಕಾರ, ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಹಡಗು ಮಧ್ಯೆ ಒಂದು ಪರದೇಶದ ಬಂದರನ್ನು ಮುಟ್ಟಲೇಬೇಕು. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಇರುವ ತಂದೆತಾಯಿಯರಿಗೆ ಕೆನಡಾ ವೀಸಾ ಕೂಡ ಬೇಕು, ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶ ಕೊಡುವಂಥದ್ದಾಗಿರಬೇಕು. ಕೆನಡಾ ವೀಸಾದ ಬೆರಳಚ್ಚಿನ ಕೆಲಸವನ್ನು ಅಮ್ಮ ಹೊರಡುವ ಮುನ್ನ ಬೆಂಗಳೂರಿನಲ್ಲಿಯೇ ಮುಗಿಸಿದೆವು.

ಊರಿನಿಂದ ಬ್ಯಾಟರಿ ಕುರ್ಚಿ ತರುವವರು ಗಮನಿಸಬೇಕಾದ ಇನ್ನೊಂದು ಲೆಕ್ಕವಿದೆ. ಬಿಚ್ಚಿ ತೆಗೆಯಬಹುದಾದ ಲಿಥಿಯಂ ಬ್ಯಾಟರಿ 300 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಮೀರಬಾರದು, ಅದನ್ನು ಕುರ್ಚಿಯಿಂದ ತೆಗೆದು ವಿಮಾನದೊಳಗೆ ಕೈಯಲ್ಲೇ ಒಯ್ಯಬೇಕು. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿರಬೇಕು.

ಸಿಯಾಟಲ್‌ನ ಪಿಯರ್ 91 ಎಂಬ ದಕ್ಕೆಯಲ್ಲಿ ಹಡಗು ಹತ್ತಿದ ಮಧ್ಯಾಹ್ನ, ಕೋಣೆಯ ಬಾಗಿಲಿನ ಪಕ್ಕದ ಗುಂಡಿಯನ್ನು ಒತ್ತಿದೊಡನೆ ಬಾಗಿಲು ತಾನಾಗಿ ತೆರೆದುಕೊಂಡಿತು. ಅಮ್ಮ ಒಳಗೆ ಹೋಗಿ, ಮಂಚವನ್ನಾಗಲಿ ಕಿಟಕಿಯಾಚೆಯ ಸಮುದ್ರವನ್ನಾಗಲಿ ನೋಡದೆ ನೇರ ಸ್ನಾನದ ಮನೆಗೆ ಕುರ್ಚಿ ತಿರುಗಿಸಿದಳು. ಅಲ್ಲಿ ಹೊಸ್ತಿಲಿರಲಿಲ್ಲ, ನೆಲವೇ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಾಗಿ ನೀರಿನ ಜಾಲರಿಯ ಕಡೆಗೆ ವಾಲಿತ್ತು. ಗೋಡೆಗೆ ಮಡಚಿಟ್ಟಿದ್ದ ಪೀಠವನ್ನು ಬಲಗೈಯಿಂದ ಇಳಿಸಿದಳು, ಒತ್ತಿ ನೋಡಿದಳು, ಹಿಡಿಕೆಯನ್ನು ಎಳೆದು ನೋಡಿದಳು, ಕೈಗೆ ಎಟಕುವಲ್ಲಿದ್ದ ಷವರ್‌ನ ಕೊಳವೆಯನ್ನು ತೆಗೆದು ಮತ್ತೆ ಸಿಕ್ಕಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೊರಗಿರು, ನಾನೇ ಸ್ನಾನ ಮಾಡ್ಕೊಂಡು ಬರ್ತೀನಿ" ಎಂದಳು. ಆರು ವರ್ಷಗಳಿಂದ ಅವಳಿಗೆ ಸ್ನಾನ ಮಾಡಿಸಲು ಯಾರಾದರೂ ಒಬ್ಬರು ಒಳಗಿರಲೇಬೇಕಾಗಿತ್ತು. ಬಾಗಿಲಿನ ಹೊರಗೆ ನೀರಿನ ಸದ್ದನ್ನು ಕೇಳುತ್ತ ನಿಂತಿದ್ದ ಆ ಇಪ್ಪತ್ತು ನಿಮಿಷಗಳಿಗಾಗಿಯೇ ಹದಿನಾಲ್ಕು ತಿಂಗಳ ಫೋನುಗಳು ಸಾರ್ಥಕವಾದವೆಂದು ನನಗನ್ನಿಸಿತು.

ಸಿಯಾಟಲ್‌ನಿಂದ ಹೊರಡುವ ಹಡಗುಗಳು ವ್ಯಾಂಕೂವರ್ ದ್ವೀಪದ ಹೊರಬದಿಯ ತೆರೆದ ಸಾಗರದಲ್ಲಿ ಹಾದು ಹೋಗುವುದು ವಾಡಿಕೆ. ಆ ರಾತ್ರಿ ಹಡಗು ಚೆನ್ನಾಗಿಯೇ ತೂಗಿತು. ಕುರ್ಚಿಯ ಬ್ರೇಕ್ ಹಾಕಿದ್ದರೂ ಅದು ಅಷ್ಟಿಷ್ಟು ಜಾರುತ್ತಿದ್ದುದರಿಂದ ಗೋಡೆಗೆ ಒತ್ತಿ ನಿಲ್ಲಿಸಿದೆವು. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯಲ್ಲಿ ಈ ತೂಗಾಟ ಕಡಿಮೆ. ಲಿಫ್ಟಿಗೂ ಅದು ಹತ್ತಿರ.

ಜುನೋದಲ್ಲಿ ಮೆಂಡನ್‌ಹಾಲ್ ಹಿಮನದಿಯನ್ನು ನೋಡಲು ಲಿಫ್ಟ್ ಇರುವ ಬಸ್ಸನ್ನು ಎರಡು ತಿಂಗಳು ಮೊದಲೇ ಕಾದಿರಿಸಿದ್ದೆವು; ಅಂಥ ಬಸ್ಸುಗಳು ಅಲ್ಲಿ ಹೆಚ್ಚಿಲ್ಲ. 1962ರಲ್ಲಿ ತೆರೆದ ಅಲ್ಲಿನ ಸಂದರ್ಶಕರ ಕೇಂದ್ರಕ್ಕೆ ಈಗ ಲಿಫ್ಟ್ ಇದೆ, ಹಿಮನದಿಯನ್ನು ಎದುರಿನಿಂದ ಕಾಣಬಹುದಾದ ಜಾಗದವರೆಗೆ ಕುರ್ಚಿ ಸಲೀಸಾಗಿ ಉರುಳುವ ಕಾಲುದಾರಿಯೂ ಇದೆ. ಸ್ಕಾಗ್‌ವೇಯಲ್ಲಿ ಚಿನ್ನದ ಬೆನ್ನು ಹತ್ತಿ ಬಂದವರ ಕಾಲದಲ್ಲಿ, 1898ರಿಂದ 1900ರ ನಡುವೆ ಕಟ್ಟಿದ ಹಳಿಗಳ ನಡುವೆ ಮೂರೇ ಅಡಿ ಅಂತರವಿರುವ ನ್ಯಾರೋಗೇಜ್ ರೈಲು, ಸುಮಾರು 20 ಮೈಲಿಗಳಲ್ಲಿ 2,865 ಅಡಿ ಏರಿ ವೈಟ್ ಪಾಸ್ ಎಂಬ ಬೆಟ್ಟದ ಕಣಿವೆದಾರಿಯನ್ನು ತಲುಪುತ್ತದೆ. ಅದರ ಕೆಲವು ಡಬ್ಬಿಗಳಿಗೆ ಮಾತ್ರ ಕುರ್ಚಿಯನ್ನೆತ್ತುವ ವ್ಯವಸ್ಥೆಯಿರುವುದರಿಂದ ಟಿಕೆಟ್ ಕೊಳ್ಳುವಾಗಲೇ ಹೇಳಬೇಕು. ಡಬ್ಬಿಯ ಬಾಗಿಲಿನಲ್ಲಿದ್ದ ಲೋಹದ ಹಲಗೆಯ ಮೇಲೆ ಕುರ್ಚಿ ನಿಲ್ಲಿಸಿ, ಪಟ್ಟಿ ಬಿಗಿದು ಮೇಲೆತ್ತಿದಾಗ ಅಮ್ಮ ಶಾಲನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಒಳಗೆ ಸೇರಿದ ಮೇಲೆ ಕಣಿವೆಯ ಕಡೆಯ ಕಿಟಕಿಯಿಂದ ಇಳಿಯುವವರೆಗೂ ಮುಖ ತಿರುಗಿಸಲಿಲ್ಲ.

ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ. ಆಗುಂಬೆಯ ಅರ್ಧದಷ್ಟು ಎಂದು ಹೇಳಿದಾಗ ಮಲೆನಾಡಿನ ಅಮ್ಮನಿಗೆ ಅದೇನೂ ದೊಡ್ಡದೆನಿಸಲಿಲ್ಲ. ನನ್ನನ್ನು ಹೆದರಿಸಿದ್ದು ಮಳೆಯಲ್ಲ, ಸಮುದ್ರದ ಉಬ್ಬರವಿಳಿತ. ಅಲಾಸ್ಕಾದ ಈ ತೀರದಲ್ಲಿ ನೀರಿನ ಮಟ್ಟ ಕೆಲವು ದಿನ 20 ಅಡಿಯವರೆಗೂ ಏರಿಳಿಯುತ್ತದೆ. ಬೆಳಿಗ್ಗೆ ನಾವು ಇಳಿದಾಗ ಹಡಗಿನಿಂದ ದಕ್ಕೆಗೆ ಹಾಕಿದ್ದ ಸೇತುವೆ ಮನೆಯ ಮುಂದಿನ ಇಳಿಜಾರಿನಷ್ಟೇ ಇತ್ತು. ಮಧ್ಯಾಹ್ನ ಮರಳುವ ಹೊತ್ತಿಗೆ ಹಡಗು ನೀರಿನೊಂದಿಗೆ ಮೇಲೆ ಹೋಗಿ, ಅದೇ ಸೇತುವೆ ಕಡಿದಾದ ಏರಾಗಿತ್ತು. ಇಬ್ಬರು ಸಿಬ್ಬಂದಿ ಬಂದು, ಏನು ಮಾಡುತ್ತೇವೆಂಬುದನ್ನು ನನಗಲ್ಲ, ಅಮ್ಮನಿಗೇ ವಿವರಿಸಿ, ಅವಳ ಒಪ್ಪಿಗೆ ಪಡೆದು, ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಒಬ್ಬರು ಎಳೆಯುತ್ತ ಇನ್ನೊಬ್ಬರು ಕೆಳಗಿನಿಂದ ತಡೆದು ಹಿಡಿಯುತ್ತ ಮೇಲೇರಿಸಿದರು. ಆ ದಿನದ ಉಬ್ಬರದ ಸಮಯವನ್ನು ಹಿಂದಿನ ರಾತ್ರಿಯೇ ಸ್ವಾಗತ ಮೇಜಿನಲ್ಲಿ ವಿಚಾರಿಸಿ ಇಳಿಯುವ, ಹತ್ತುವ ವೇಳೆಯನ್ನು ಹೊಂದಿಸಿಕೊಂಡಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಮುಂದಿನ ಬಂದರುಗಳಲ್ಲಿ ಹಾಗೆಯೇ ಮಾಡಿದೆವು.

ಗ್ಲೇಷಿಯರ್ ಬೇಯಲ್ಲಿ ಹಡಗು ದಡ ಸೇರುವುದಿಲ್ಲ, ಯಾರೂ ಇಳಿಯುವುದಿಲ್ಲ. ರಾಷ್ಟ್ರೀಯ ಉದ್ಯಾನದ ಸಿಬ್ಬಂದಿಯೇ ಹಡಗಿಗೆ ಬಂದು ವಿವರಿಸುತ್ತಾರೆ. ನಡೆಯುವವರಿಗೂ ಕುರ್ಚಿಯವರಿಗೂ ಅಲ್ಲಿ ಸಿಗುವುದು ಒಂದೇ ನೋಟ. ಆದರೆ ಕಟಕಟೆಯ ಅಡ್ಡಪಟ್ಟಿ ಕೂತವರ ಕಣ್ಣಿಗೆ ಸರಿಯಾಗಿ ಅಡ್ಡ ಬರುತ್ತದೆಂಬುದು ನಿಂತು ನೋಡುವ ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ. ಗಾಜಿನ ತಡೆ ಇರುವ ಜಾಗವನ್ನು ಹುಡುಕಿ ಅಮ್ಮನನ್ನು ಅಲ್ಲಿ ಕೂರಿಸಿದೆವು.

ತುರ್ತು ಪರಿಸ್ಥಿತಿಯ ಬಗ್ಗೆ ಕೇಳಲು ಯಾರೂ ಹಿಂಜರಿಯಬಾರದು. ಅಪಾಯದ ವೇಳೆ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ, ಮೆಟ್ಟಿಲು ಇಳಿಸಲು ಬೇಕಾದ ವಿಶೇಷ ಕುರ್ಚಿ ಮತ್ತು ಅದಕ್ಕೆ ನಿಯುಕ್ತರಾದ ಸಿಬ್ಬಂದಿ ಹಡಗಿನಲ್ಲಿರುತ್ತಾರೆ. ನಮ್ಮ ಕೋಣೆಯ ಸಂಖ್ಯೆ ಅವರ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲ ದಿನವೇ ಖಚಿತಪಡಿಸಿಕೊಂಡೆವು. ಹಡಗಿನ ವೈದ್ಯರ ಶುಲ್ಕ ದುಬಾರಿ, ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿ ಬಂದರೆ ಅದರ ಖರ್ಚು ಹೇಳತೀರದು. ಆದ್ದರಿಂದ ಮೊದಲೇ ಇರುವ ಕಾಯಿಲೆಗಳಿಗೂ ಅನ್ವಯಿಸುವ ವಿಮೆಯನ್ನು ಪತ್ರದ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು.

ವಿಕ್ಟೋರಿಯಾ ಬಿಟ್ಟ ರಾತ್ರಿ ಅಮ್ಮ ಸಾಗರದಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿಸಿದಳು. ಹಿಮನದಿಯ ಮಾತು ಎರಡೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವನನ್ನು ಟೇಪು ಹಿಡಿದು ಬಚ್ಚಲುಮನೆಯ ಬಾಗಿಲಿನ ಬಳಿ ನಿಲ್ಲಿಸಿ ಅಳೆಸಿದಳು. ಚೌಕಟ್ಟಿನ ಒಳಗೆ 24 ಅಂಗುಲ ಇತ್ತು. "ಬಾಗಿಲು ಅಗಲ ಮಾಡಿಸು, ಹೊಸ್ತಿಲು ಒಡೆಸು, ಹಿಡಿಕೆ ಬಲಕ್ಕಿರಲಿ" ಎಂದಳು. ತಮ್ಮ ಗಾರೆ ಕೆಲಸದವರಿಗೆ ಸೋಮವಾರ ಬರಹೇಳಿದ.